‘ಪರೀಕ್ಷಿಸಿದ್ದು’ ಎಂದು ಮಾರಿದ ಹಳೆಯ ಗೂಡಿನ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಹಳೆಯ ಸಲಕರಣೆಗಳ ಮಾರಾಟ ವಿಭಾಗ

ವಿಷಯ: ಕುಂಬಾರಿಕೆಯ ಎಲೆಕ್ಟ್ರಿಕ್ ಗೂಡಿನ ಕಾಯಿಲ್ ಬದಲಿಸಿಕೊಡುವ ಅಥವಾ ಗೂಡನ್ನು ಹಿಂಪಡೆಯುವ ಕುರಿತು

ಮಾನ್ಯರೇ,

ನಿಮ್ಮಿಂದ ಕೊಂಡ ಹಳೆಯ ಗೂಡು, ಮೋಟಾರ್ ತಿಗರಿ ಎರಡೂ ನೀವು ಬರೆದಂತಿಲ್ಲ. ತಿಗರಿಯದು ಸಣ್ಣ ತಕರಾರು, ಕೊನೆಗೆ ಹೇಳುತ್ತೇವೆ.

ಗೂಡಿನ ಫಲಕದಲ್ಲಿ 240 ವೋಲ್ಟ್, 30 ಆಂಪಿಯರ್, ಅಂದರೆ 7.2 ಕಿಲೋವಾಟ್ ಎಂದಿದೆ. ಆ ಲೆಕ್ಕಕ್ಕೆ ಕಾಯಿಲ್‌ಗಳ ಒಟ್ಟು ರೋಧ (ರೆಸಿಸ್ಟೆನ್ಸ್) 8 ಓಮ್ ಇರಬೇಕು. ಗೂಡು ತಣ್ಣಗಿರುವಾಗ ಪ್ಲಗ್ ಕಿತ್ತು, ಸ್ವಿಚ್‌ಗಳನ್ನೆಲ್ಲ ‘ಹೈ’ನಲ್ಲಿಟ್ಟು ಅಳೆದರೆ ಮಲ್ಟಿಮೀಟರ್ 9.4 ಓಮ್ ತೋರಿಸುತ್ತದೆ. ಕಾಯಿಲ್ ಹಳತಾದಷ್ಟೂ ರೋಧ ಏರಿ ಶಕ್ತಿ ಇಳಿಯುತ್ತದೆ. ಈಗ ಸಿಗುತ್ತಿರುವುದು ಸುಮಾರು 6.1 ಕಿಲೋವಾಟ್. ರೋಧ ಶೇ 10ರಷ್ಟು ಏರಿದಾಗಲೇ ಕಾಯಿಲ್ ಬದಲಿಸುವುದು ರೂಢಿ. ಇಲ್ಲಿ ಶೇ 17 ದಾಟಿದೆ.

‘6ನೇ ಕೋನ್ ತಲುಪುತ್ತದೆ’ ಎಂದು ನೀವು ಬರೆದಿದ್ದಿರಿ. ಕೋನ್ ಎಂದರೆ ಗೂಡಿನೊಳಗಿಡುವ, ಗೊತ್ತಾದ ಶಾಖಕ್ಕೆ ಬಾಗುವ ಸಣ್ಣ ಶಂಕು; 6ನೆಯದು ಬಾಗಲು ಸುಮಾರು 1220 ಡಿಗ್ರಿ ಸೆಲ್ಸಿಯಸ್ ಬೇಕು. ಈ ಗೂಡು 1100 ದಾಟಿದ ಮೇಲೆ ತೆವಳುತ್ತಾ 1175ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಶಾಖ ತೋರಿಸುವ ಮೀಟರ್ ತಪ್ಪು ಎನ್ನುವಂತಿಲ್ಲ, ಒಳಗಿಟ್ಟ ಕೋನ್‌ಗಳೂ ಅದನ್ನೇ ಹೇಳುತ್ತಿವೆ: 4ನೆಯದು ಪೂರ್ತಿ ಬಾಗಿದೆ, 5ನೆಯದು ತುದಿಯಲ್ಲಷ್ಟೇ ಓರೆಯಾಗಿದೆ, 6ನೆಯದು ನೆಟ್ಟಗಿದೆ. ಗ್ಲೇಜ್ (ಪಾತ್ರೆಯ ಗಾಜಿನಂಥ ಲೇಪ) ಒರಟಾಗಿಯೇ ಉಳಿದಿದೆ, ಮಗ್ಗುಗಳ ತಳದಲ್ಲಿ ನೀರು ಜಿನುಗುತ್ತದೆ.

ವೋಲ್ಟೇಜ್ ಕಡಿಮೆಯಿರಬೇಕು ಎಂಬುದು ನಿಮ್ಮ ಸಹಾಯವಾಣಿಯ ಉತ್ತರ. 208 ವೋಲ್ಟ್ ಇದ್ದಿದ್ದರೆ ಶಕ್ತಿ ಮುಕ್ಕಾಲಿಗೆ ಇಳಿಯುತ್ತಿತ್ತು, ಆ ಮಾತು ಒಪ್ಪಬಹುದಿತ್ತು. ಆದರೆ ಗೂಡು ಪೂರ್ತಿ ಉರಿಯುವಾಗಲೇ ಎಲೆಕ್ಟ್ರಿಷಿಯನ್ ಅಳೆದದ್ದು 238.

ಇಟ್ಟಿಗೆಯ ಕೂದಲೆಳೆ ಬಿರುಕುಗಳಿಗೆ ನಮ್ಮ ಆಕ್ಷೇಪವಿಲ್ಲ. ಹಳೆಯ ಗೂಡೆಂದರೆ ಅವು ಇದ್ದದ್ದೇ. ಆದರೆ ಕೆಳಗಿನ ಸಾಲಿನಲ್ಲಿ ಕಾಯಿಲ್ ಕೂರುವ ಇಟ್ಟಿಗೆಯ ತೋಡಿನ ಅಂಚು ಮುರಿದು ಕಾಯಿಲ್ ಹೊರಗೆ ಜೋತುಬಿದ್ದಿದೆ. ‘ಬೆರಳಿನಿಂದ ಒಳಕ್ಕೆ ಒತ್ತಿ’ ಎಂದು ನಿಮ್ಮವರು ಸಲಹೆ ಕೊಟ್ಟರು. ದಯವಿಟ್ಟು ಈ ಸಲಹೆಯನ್ನು ಬೇರೆ ಯಾರಿಗೂ ಕೊಡಬೇಡಿ. ಸುಟ್ಟು ಹಳತಾದ ಕಾಯಿಲ್ ತಣ್ಣಗಿರುವಾಗ ಒತ್ತಿದರೆ ಪಟ್ಟನೆ ಮುರಿಯುತ್ತದೆ. ಕೆಂಪಗೆ ಕಾಯಿಸಿ, ಪ್ಲಗ್ ಕಿತ್ತು, ಬಿಸಿ ಇಳಿಯುವ ಮುಂಚೆ ಇಕ್ಕಳದಿಂದ ಕೂರಿಸಬೇಕು.

ಕಡಿಮೆ ಬೆಲೆಗೆ ಇಷ್ಟೇ ಎಂದೂ ಹೇಳಿದಿರಿ. ಕಾಯಿಲ್ ಮುಗಿದಿದೆ ಎಂದು ಮೊದಲೇ ಬರೆದಿದ್ದರೆ ಹೊಸ ಸೆಟ್ಟಿನ ಖರ್ಚು ಸೇರಿಸಿಯೇ ಬೆಲೆ ತೂಗುತ್ತಿದ್ದೆವು. ‘ಪರೀಕ್ಷಿಸಿದ್ದು’ ಎಂಬುದಕ್ಕೆ ಜಾಹೀರಾತಿನಲ್ಲಿದ್ದ ಆಧಾರ ಕಾಯಿಲ್ ಕೆಂಪಗಾದ ಫೋಟೊ ಮಾತ್ರ. ಅದು ಪರೀಕ್ಷೆಯಲ್ಲ, ಆಯುಷ್ಯ ಮುಗಿದ ಕಾಯಿಲ್ ಕೂಡ ಕೆಂಪಗಾಗುತ್ತದೆ. ಅಳೆದ ಓಮ್ ಎಷ್ಟು, ಕೊನೆಯ ಸುಡುವಿಕೆಯಲ್ಲಿ ಯಾವ ಕೋನ್ ಬಾಗಿತು, ಇವೆರಡನ್ನು ಹಾಕಿದ್ದರೆ ಸಾಕಿತ್ತು.

ತಿಗರಿಯಲ್ಲಿ ಪೆಡಲ್ ಪೂರ್ತಿ ಬಿಟ್ಟರೂ ತಟ್ಟೆ ನಿಧಾನವಾಗಿ ತಿರುಗುತ್ತಲೇ ಇರುತ್ತದೆ. ಪೆಡಲಿನೊಳಗಿನ, ವೇಗ ನಿಯಂತ್ರಿಸುವ ಪೊಟೆನ್ಶಿಯೋಮೀಟರ್ ಹೊಂದಿಸಿದರೆ ಸರಿಹೋಗಬಹುದು, ನಾವೇ ನೋಡಿಕೊಳ್ಳುತ್ತೇವೆ.

ಗೂಡಿಗೆ ಮಾತ್ರ, ಇದೇ ಮಾದರಿಯ ಪೂರ್ತಿ ಕಾಯಿಲ್ ಸೆಟ್ ಮತ್ತು ಮುರಿದ ಇಟ್ಟಿಗೆಯನ್ನು ನಿಮ್ಮ ಖರ್ಚಿನಲ್ಲಿ ಕಳಿಸಿ. ಒಂದೆರಡು ಕಾಯಿಲ್ ಕೊಟ್ಟು ಕೈತೊಳೆದುಕೊಳ್ಳುವುದು ಬೇಡ. ಹೊಸದು ಹಳೆಯದು ಬೆರೆತರೆ ಗೂಡು ಒಂದೇ ಸಮ ಕಾಯುವುದಿಲ್ಲ. ಆಗದಿದ್ದರೆ ಸಾಗಣೆ ವೆಚ್ಚ ಸಹಿತ ಹಣ ಮರಳಿಸಿ, ಗೂಡನ್ನು ಒಯ್ಯಿರಿ. 15 ದಿನಗಳೊಳಗೆ ಲಿಖಿತ ಉತ್ತರ ಕೊಡಿ. ಮಲ್ಟಿಮೀಟರ್ ಮತ್ತು ಕೋನ್‌ಗಳ ಫೋಟೊ, ಬಿಲ್ಲಿನ ಪ್ರತಿ ಲಗತ್ತಿಸಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕುಂಬಾರಿಕೆ ಸ್ಟುಡಿಯೋದ ಸದಸ್ಯರು