ಎಡಗಾಲಿನವಳ ವಿಷಯ: ಗೆಳೆಯನಿಗೊಂದು ಪತ್ರ

ಲೋ ಗೆಳೆಯಾ,

ಹೇಗಿದ್ದೀಯಾ? ಫೋನಿನಲ್ಲಾದರೆ ಊಟ ಆಯ್ತಾ, ಮಳೆ ಬಂತಾ ಅನ್ನುವುದರಲ್ಲೇ ಮಾತು ಮುಗಿದುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದುವ ಕಡೆಯೇ ಬರೆಯುತ್ತಿದ್ದೇನೆ, ನಮ್ಮ ಕ್ವಾರ್ಟರ್ಸ್ ಹುಡುಗರೂ ಓದಲಿ. ಹುಣಸೆಮರದ ಗೋಲು ಗೋಲೇ ಅಂತ ನಾನು ಇವತ್ತಿಗೂ ಹೇಳುತ್ತೇನೆ. ಆ ಮಾತು ಆಮೇಲೆ.

ಬಾಲಾ ದೇವಿ ಬಗ್ಗೆ ಬರೆಯೋಣ ಅಂತ ಕೂತೆ. ಭಾರತದ ಮಹಿಳಾ ಫುಟ್‌ಬಾಲ್ ತಂಡದ ಫಾರ್ವರ್ಡ್, ಮಣಿಪುರದವಳು. ಬಿಷ್ಣುಪುರ ಜಿಲ್ಲೆಯ ಇರೆಂಗ್‌ಬಾಮ್ ಅನ್ನುವ ಊರು. ಚಿಕ್ಕಂದಿನಲ್ಲಿ ಹುಡುಗರ ಜೊತೆಗೇ ಆಡಿ ಕಲಿತಳು. 2005ರಲ್ಲಿ, 15ನೇ ವಯಸ್ಸಿಗೆ ಭಾರತ ತಂಡ ಸೇರಿದಳು. ಮಣಿಪುರ ಪೊಲೀಸ್‌ನಲ್ಲಿ ಕೆಲಸ ಸಿಕ್ಕಿತು. ಅದೇ ಪೊಲೀಸ್ ತಂಡಕ್ಕೆ 2019ರ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ 26 ಗೋಲು ಹೊಡೆದಳು. ಒಂದೇ ಸೀಸನ್ ಕಣೋ!

ಆಮೇಲೆ ಗ್ಲಾಸ್ಗೋ. ಬೆಂಗಳೂರು ಎಫ್‌ಸಿಗೂ ಅಲ್ಲಿನ ರೇಂಜರ್ಸ್ ಕ್ಲಬ್ಬಿಗೂ ಒಂದು ಒಪ್ಪಂದ ಇತ್ತಲ್ಲ, ಅದರಿಂದ ಅವಳಿಗೆ ಟ್ರಯಲ್ಸ್‌ಗೆ ಹೋಗುವ ದಾರಿ ಸಿಕ್ಕಿತು. 2020ರ ಜನವರಿ ಕೊನೆಗೆ ರೇಂಜರ್ಸ್ ಅವಳನ್ನು 18 ತಿಂಗಳಿಗೆ ಸೇರಿಸಿಕೊಂಡಿತು. ಬೆನ್ನ ಮೇಲೆ 10ನೇ ನಂಬರು. ಅವಳಿಗೆ 30 ತುಂಬಲು ಇನ್ನು ನಾಲ್ಕೈದು ದಿನ ಇತ್ತು. ಆ ವಯಸ್ಸಿಗೆ ನಮ್ಮ ಕಡೆ ಹೆಣ್ಣುಮಕ್ಕಳನ್ನು ಏನು ಕೇಳುತ್ತಾರೆ ಅಂತ ನಿನಗೆ ಗೊತ್ತು. ಅವಳು ಸೂಟ್‌ಕೇಸ್ ಕಟ್ಟಿಕೊಂಡು ಸ್ಕಾಟ್ಲೆಂಡಿನ ಚಳಿಗೆ ಹೊರಟಳು.

ಹೋದ ಸ್ವಲ್ಪ ದಿನಕ್ಕೇ ಕೊರೊನಾ ಬಂದು ಲೀಗ್ ನಿಂತುಹೋಯಿತು. ಮೊದಲ ಗೋಲು ಬಂದಿದ್ದು ಡಿಸೆಂಬರ್‌ನಲ್ಲಿ, ಮದರ್‌ವೆಲ್ ತಂಡದ ಮೇಲೆ. ರೇಂಜರ್ಸ್ 9-0ಯಿಂದ ಗೆದ್ದ ಮ್ಯಾಚು. ಒಂಬತ್ತರಲ್ಲಿ ಒಂದು ಅಂತ ಅನ್ನಬೇಡ. ಹತ್ತು ತಿಂಗಳು ಪರದೇಶದಲ್ಲಿ ಕಾದು ಹೊಡೆದ ಗೋಲು ಅದು. ಮರುವರ್ಷ ಮೊಣಕಾಲಿನ ಲಿಗಮೆಂಟ್ ಹರಿಯಿತು. 2022ರ ಜನವರಿಯಲ್ಲಿ ಏಷ್ಯನ್ ಕಪ್ ನಮ್ಮ ದೇಶಕ್ಕೇ ಬಂದಾಗ ಅವಳು ತಂಡದಲ್ಲಿರಲಿಲ್ಲ. ನಮ್ಮ ತಂಡಕ್ಕೂ ಒಂದೇ ಮ್ಯಾಚು ಆಡಲು ಆಗಿದ್ದು. ಇರಾನ್ ಜೊತೆ 0-0. ಎರಡನೇ ಮ್ಯಾಚಿಗೆ ನಿಯಮದ ಪ್ರಕಾರ ಬೇಕಾದ 13 ಜನರನ್ನು ಒಟ್ಟುಗೂಡಿಸಲೂ ಆಗದಷ್ಟು ಹುಡುಗಿಯರಿಗೆ ಕೊರೊನಾ. ಅಲ್ಲಿಗೆ ಕಪ್ ಮುಗಿಯಿತು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೂ ಅವಳು ಬಿಡಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಕಠ್ಮಂಡುವಿನಲ್ಲಿ ಪಾಕಿಸ್ತಾನದ ಮೇಲೆ ಭಾರತಕ್ಕಾಗಿ 50ನೇ ಗೋಲು ಹೊಡೆದಳು. ಅಲ್ಲಿಯವರೆಗೆ ನಮ್ಮ ದೇಶದ ಯಾವ ಹೆಣ್ಣುಮಗಳೂ ಅಷ್ಟು ಹೊಡೆದಿರಲಿಲ್ಲ. ಆಗ ವಯಸ್ಸು 34.

ನಮ್ಮ ಎಡಗಾಲಿಗೂ, ಅದೇ ನನ್ನ ತಂಗಿಗೂ, ಆಗ 34. ಅದನ್ನು ನಾನು ಮೊನ್ನೆ ಮೊನ್ನೆ ಲೆಕ್ಕ ಹಾಕಿದೆ.

ಹೋದ ಭಾನುವಾರ ತಂಗಿ ಮನೆಗೆ ಹೋಗಿದ್ದೆ. ಅವಳು ಚಿತ್ರಾನ್ನಕ್ಕೆ ನಿಂಬೆಹಣ್ಣು ತೆಗೆಯುವಾಗ ಒಂದು ಕೈಜಾರಿತು. ಇನ್ನೇನು ನೆಲಕ್ಕೆ ಬೀಳಬೇಕು, ಅಷ್ಟರಲ್ಲಿ ಅವಳ ಎಡಗಾಲು ಮುಂದೆ ಬಂತು. ಪಾದದ ಒಳಬದಿಗೆ ತಾಗಿದ ನಿಂಬೆಹಣ್ಣು ಪುಟಿಯಲೇ ಇಲ್ಲ, ಹೆಬ್ಬೆರಳ ಪಕ್ಕ ಸುಮ್ನೆ ನಿಂತುಬಿಟ್ಟಿತು. ಅವಳು ಬಗ್ಗಿ ಎತ್ತಿಕೊಂಡು, ತೊಳೆದು, ಹೆಚ್ಚಿದಳು. ತಾನು ಏನು ಮಾಡಿದೆ ಅಂತ ಅವಳಿಗೆ ಗೊತ್ತೂ ಆಗಲಿಲ್ಲ. ನನಗೆ ಊಟ ಇಳಿಯಲಿಲ್ಲ.

ಬಾಲಾ ಭಾರತ ತಂಡ ಸೇರಿದ 2005ರಲ್ಲೇ ನಮ್ಮವಳು ಗ್ರೌಂಡಿಗೆ ಬರುವುದನ್ನು ಬಿಟ್ಟಿದ್ದು. ಅಪ್ಪ ಬಿಡಿಸಿದರು ಅಂತ ನೀನು ಇವತ್ತಿಗೂ ನಂಬಿದ್ದೀಯ. ಅವರು ಹೋದಾಗಲೂ ನೀನು ಬಾಗಿಲ ಹತ್ತಿರವೇ ನಿಂತು ಹೊರಟುಹೋದೆ.

ಬಿಡಿಸಿದ್ದು ನಾನು ಕಣೋ.

"ಹುಡುಗರು ಏನೇನೋ ಮಾತಾಡ್ತಾರೆ, ಇನ್ಮೇಲೆ ಅವಳನ್ನ ಕಳಿಸಬೇಡಮ್ಮ" ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ನಾನೇ ಹೇಳಿದೆ. ಯಾರೂ ಏನೂ ಮಾತಾಡಿರಲಿಲ್ಲ. ಹಿಂದಿನ ದಿನ ಅವಳು ನನ್ನ ಎರಡೂ ಕಾಲಿನ ಮಧ್ಯೆ ಎರಡು ಸಲ ಚೆಂಡು ತೂರಿಸಿಕೊಂಡು ಹೋಗಿದ್ದಳು. ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ, ನೀನೇ ಜಾಸ್ತಿ. ಆವತ್ತು ಗ್ರೌಂಡಿನಲ್ಲಿ ಅವಳು ನನಗಿಂತ ಚೆನ್ನಾಗಿ ಆಡುವುದನ್ನು ನನ್ನಿಂದ ನೋಡಲು ಆಗಲಿಲ್ಲ. ಅಷ್ಟೇ ಕಾರಣ. ಅಮ್ಮ ಅಪ್ಪನಿಗೆ ಹೇಳಿದಳು. ಅಪ್ಪ ಶಿಫ್ಟ್ ಮುಗಿಸಿ ಬಂದು, ಕೂತು, ಸರಿ ಬಿಡು ಅಂದರು. ಮರುದಿನದಿಂದ ಅವಳ ಶೂ ಮಂಚದ ಕೆಳಗೆ ಹೋಯಿತು.

ಅವಳೂ ಭಾರತಕ್ಕೆ ಆಡುತ್ತಿದ್ದಳು ಅಂತ ನಾನು ಹೇಳುತ್ತಿಲ್ಲ. ಇನ್ನೂ ಒಂದು ವರ್ಷ ಆಡುತ್ತಿದ್ದಳೋ, ಹತ್ತು ವರ್ಷವೋ. ಅದನ್ನು ಅವಳು ತೀರ್ಮಾನಿಸಬೇಕಿತ್ತು. ಇರೆಂಗ್‌ಬಾಮ್‌ನ ಆ ಹುಡುಗಿಯನ್ನು ಹುಡುಗರು ಆಟಕ್ಕೆ ಸೇರಿಸಿಕೊಂಡರು. ನಮ್ಮ ಗ್ರೌಂಡಿನಲ್ಲೂ ಎಲ್ಲರೂ ಸೇರಿಸಿಕೊಂಡಿದ್ದರು, ನಾನೊಬ್ಬನನ್ನು ಬಿಟ್ಟು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಅಳಿಸೋಣ ಅಂತ ಎರಡು ಸಲ ಅನ್ನಿಸಿತು. ಕೊನೆಗೆ ಅವಳಿಗೇ ಫೋನ್ ಮಾಡಿ ಮೊದಲಿಂದ ಓದಿ ಹೇಳಿದೆ. ಆ ಕಡೆಯಿಂದ ಮಾತಿಲ್ಲ. ಕುಕ್ಕರ್ ಒಂದು ಸಲ ಕೂಗಿತು. ಆಮೇಲೆ ಅಂದಳು: "ಎರಡು ಸಲ ಅಲ್ಲ ಅಣ್ಣ, ಮೂರು ಸಲ."

ಹಾಗಾಗಿ ತಿದ್ದಿಕೋ, ಮೂರು ಸಲ.

ಸರಿ, ದೀಪಾವಳಿಗೆ ಬರುತ್ತೀಯ ತಾನೇ? ಅಮ್ಮ ಕಜ್ಜಾಯ ಮಾಡುತ್ತಾಳೆ. ಈ ಸಲ ಒಳಗೆ ಬಂದು ಅಪ್ಪನ ಫೋಟೋ ಹತ್ತಿರ ಒಂದು ನಿಮಿಷ ಕೂರು. ಸಂಜೆ ಗ್ರೌಂಡಿಗೆ ಹೋಗೋಣ. ಎಡಗಾಲೂ ಬರುತ್ತಾಳಂತೆ, ಮಗಳನ್ನೂ ಕರೆದುಕೊಂಡು. ಹುಣಸೆಮರ ಇನ್ನೂ ಅಲ್ಲೇ ಇದೆ. ಗೋಲೋ ಅಲ್ಲವೋ ಅಂತ ಅವಳೇ ಹೇಳಲಿ.

ನಿನ್ನ,
ಗೋಲ್‌ಪೋಸ್ಟ್ ಕಾಯುತ್ತಿರುವವನು