ಭಾನುವಾರದ ಓದು: ‘ಪೀಟರ್ಸ್‌ಬರ್ಗ್’ ಪ್ರತಿಯ ಬಗ್ಗೆ ಸೂಚನೆ

ಎಲ್ಲ ಸದಸ್ಯರಿಗೆ ನಮಸ್ಕಾರ. ರಷ್ಯದ ಸಂಕೇತವಾದಿ ಲೇಖಕ ಆಂದ್ರೇಯ್ ಬೆಲಿಯವರ ‘ಪೀಟರ್ಸ್‌ಬರ್ಗ್’ ಕಾದಂಬರಿಯ ಮೊದಲೆರಡು ಅಧ್ಯಾಯಗಳ ಚರ್ಚೆ ಬರುವ ಭಾನುವಾರ ಸಂಜೆ 5 ಗಂಟೆಗೆ ಆನ್‌ಲೈನಿನಲ್ಲಿ ನಡೆಯಲಿದ್ದು, ಅದಕ್ಕೂ ಮುನ್ನ ತಮ್ಮ ಕೈಯಲ್ಲಿರುವುದು ಯಾವ ಅನುವಾದ ಎಂಬುದನ್ನು ಎಲ್ಲರೂ ದಯವಿಟ್ಟು ನೋಡಿಕೊಳ್ಳಬೇಕು. 1913–14ರಲ್ಲಿ ಕಂತುಗಳಾಗಿ ಬಂದು 1916ರಲ್ಲಿ ಪುಸ್ತಕವಾದ ಈ ಕೃತಿಯನ್ನು ಲೇಖಕರೇ ಸಾಕಷ್ಟು ಕತ್ತರಿಸಿ 1922ರಲ್ಲಿ ಬರ್ಲಿನ್ನಿನಲ್ಲಿ ಮತ್ತೆ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಮೆಗ್ವಾಯರ್ ಮತ್ತು ಮಾಲ್ಮ್‌ಸ್ಟಡ್ ಅವರ ಅನುವಾದ 1922ರ ಆವೃತ್ತಿಯನ್ನೂ, ಡೇವಿಡ್ ಮೆಕ್‌ಡಫ್ ಹಾಗೂ ಜಾನ್ ಎಲ್ಸ್‌ವರ್ತ್ ಅವರ ಅನುವಾದಗಳು ಮೊದಲಿನ ದೀರ್ಘ ಆವೃತ್ತಿಯನ್ನೂ ಅನುಸರಿಸುವುದರಿಂದ, ಚರ್ಚೆಯಲ್ಲಿ ಪುಟಸಂಖ್ಯೆಯ ಬದಲು ಅಧ್ಯಾಯ ಮತ್ತು ಉಪಶೀರ್ಷಿಕೆಯನ್ನೇ ಹೇಳೋಣ.

1905ರ ಮುಷ್ಕರಗಳ ನಗರದಲ್ಲಿ ಸೆನೆಟರ್ ಅಬ್ಲೆಊಖೋವ್ ಗಾಡಿಯೊಳಗೆ ಕುಳಿತು ಚೌಕ, ಘನಾಕೃತಿಗಳನ್ನು ಧ್ಯಾನಿಸುತ್ತ ನೆಮ್ಮದಿ ಪಡೆಯುವ ಭಾಗವನ್ನು ಸಾಧ್ಯವಾದರೆ ಗಟ್ಟಿಯಾಗಿ ಓದಿಕೊಳ್ಳಿ. ಬೆಲಿ ಕವಿಯೂ ಹೌದು, ಅವರ ಗದ್ಯದ ಲಯ ಕಣ್ಣಿಗಿಂತ ಕಿವಿಗೆ ಬೇಗ ಸಿಗುತ್ತದೆ. ಸೆನೆಟರನ ಮಗ ನಿಕೊಲಾಯ್‌ಗೆ ಒಪ್ಪಿಸಲಾಗುವ ಗಂಟಿನಲ್ಲಿ ಏನಿದೆ ಎಂಬುದನ್ನು ಮುಂದೆ ಓದಿರುವವರು ಇಲ್ಲಿ ಬಯಲು ಮಾಡಬಾರದೆಂದು ವಿನಂತಿ.

ತಾವು ಭಾಗವಹಿಸುವಿರೇ ಎಂಬುದನ್ನೂ ಅನುವಾದಕರ ಹೆಸರನ್ನೂ ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ. ಪುಸ್ತಕ ಸಿಗದವರು ಇಂದೇ ಹೇಳಿದರೆ, ಹೆಚ್ಚುವರಿ ಪ್ರತಿ ಇರುವ ಸದಸ್ಯರಿಂದ ಕೊಡಿಸುವ ವ್ಯವಸ್ಥೆ ಮಾಡುತ್ತೇನೆ.