ಮದ್ದಿನ ಪೀಪಾಯಿಯಲ್ಲಿ ಚಹಾ

ಪ್ರಿಯ ತಂಗಿ,

ನಿನ್ನ ಕಥೆಯನ್ನು ಎರಡು ಸಲ ಓದಿದೆ. ಮೊದಲ ಸಲ ರಾತ್ರಿ, ಒಂದೇ ಗುಕ್ಕಿಗೆ. ಎರಡನೇ ಸಲ ಪೆನ್ಸಿಲ್ ಹಿಡಿದು. ಮೊದಲ ಸಲ ಖುಷಿಯಾಯಿತು, ಎರಡನೇ ಸಲ ನಿನ್ನ ಜೊತೆ ಜಗಳ ಆಡಬೇಕು ಅನ್ನಿಸಿತು.

ಮೊದಲು ಒಂದು ಚಿಕ್ಕ ತಪ್ಪು. ನಿನ್ನ ನಾಯಕ 1868ರ ಬೇಸಿಗೆಯಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಹೊಸ ರೈಲು ದಾರಿಯ ಕಾವಲಿಗಿದ್ದಾನೆ. ಆದರೆ ಪೂರ್ವದ ಕಡೆಯಿಂದ ದಾರಿ ಹಾಕುತ್ತಾ ಬಂದ ಯೂನಿಯನ್ ಪೆಸಿಫಿಕ್ ಕಂಪನಿಯವರ ಹಳಿ 1867ರ ನವೆಂಬರಿಗೇ ನೆಬ್ರಾಸ್ಕಾ ದಾಟಿ ಈಗಿನ ವಯೋಮಿಂಗಿನ ಶೆಯೆನ್ ಊರು ಮುಟ್ಟಿತ್ತು. ಅವನನ್ನು ವಯೋಮಿಂಗಿಗೆ ಕಳಿಸು. ಇದನ್ನೆಲ್ಲ ಯಾರು ನೋಡುತ್ತಾರೆ ಅನ್ನಬೇಡ. ನನ್ನ ಮೊದಲ ಕಥೆಯಲ್ಲಿ ರೈಲು ಘಾಟಿಯನ್ನು 'ಬಾಣದಂತೆ' ಏರಿತ್ತು. ನಿವೃತ್ತ ಡ್ರೈವರ್ ಒಬ್ಬರು ಕಾರ್ಡು ಬರೆದರು: "ಸ್ವಾಮಿ, ಆ ಏರಿನಲ್ಲಿ ಇಳಿದು ಬೀಡಿ ಹಚ್ಚಿ ಮತ್ತೆ ಅದೇ ಡಬ್ಬಿ ಹತ್ತಬಹುದು." ಇವತ್ತಿಗೂ ನೆನೆದರೆ ನಾಚಿಕೆ.

ಆ ಶೆಯೆನ್ ಅನ್ನುವ ಹೆಸರು ಅಲ್ಲಿನ ಮೂಲನಿವಾಸಿ ಜನರದ್ದೇ, ಗೊತ್ತಲ್ವಾ? ಅವರ ನೆಲ ಕಿತ್ತುಕೊಂಡು, ಊರಿಗೆ ಅವರದೇ ಹೆಸರು. 1867ರ ಆಗಸ್ಟ್‌ನಲ್ಲಿ ನೆಬ್ರಾಸ್ಕಾದ ಪ್ಲಮ್ ಕ್ರೀಕ್ ಹತ್ತಿರ ಅವರು ಗೂಡ್ಸ್ ಗಾಡಿಯನ್ನು ಹಳಿ ತಪ್ಪಿಸಿ ಉರುಳಿಸಿದರು. ನೀನು 'ರೆಡ್ ಇಂಡಿಯನ್ನರು ಕೂಗುತ್ತಾ ಬಂದರು' ಅಂತ ಒಂದು ಸಾಲಿನಲ್ಲಿ ಮುಗಿಸಿದ್ದೀಯ. ಅವರು ಯಾಕೆ ಬಂದರು ಅನ್ನುವುದು ನಿನ್ನ ನಾಯಕನಿಗೆ ಗೊತ್ತಿಲ್ಲದಿದ್ದರೂ ನಿನಗೆ ಗೊತ್ತಿರಬೇಕು.

ಇನ್ನು ನನ್ನ ದೊಡ್ಡ ತಕರಾರು. ಕಥೆಯಲ್ಲಿ ಏಳು ಸಲ ಗುಂಡು ಹಾರುತ್ತದೆ, ಒಂದು ಹಳಿಯೂ ನೆಲಕ್ಕೆ ಬೀಳುವುದಿಲ್ಲ. 1869ರ ಏಪ್ರಿಲ್ 28ರಂದು ಯೂಟಾದಲ್ಲಿ, ಪಶ್ಚಿಮದ ಕಡೆಯಿಂದ ದಾರಿ ಹಾಕುತ್ತಾ ಬಂದ ಸೆಂಟ್ರಲ್ ಪೆಸಿಫಿಕ್ ಕಂಪನಿಯವರು ಒಂದೇ ದಿನ 10 ಮೈಲಿ ದಾರಿ ಹಾಕಿದರು. ಒಂದೊಂದು ಹಳಿ ಸುಮಾರು 250 ಕೆಜಿ. 8 ಜನ ಐರಿಷರು ಅಂಥ 3,520 ಹಳಿ ಎತ್ತಿಟ್ಟರು. ನಡುವೆ ಊಟಕ್ಕೆ ಕೂತರು, ಎದ್ದು ಮತ್ತೆ ಎತ್ತಿದರು. ಇದಕ್ಕಿಂತ ಸಾಹಸ ಬೇಕಾ?

ಆ ಎಂಟು ಜನರ ಹೆಸರು ಇವತ್ತಿಗೂ ದಾಖಲೆಯಲ್ಲಿದೆ. ಅದೇ ದಾರಿಯಲ್ಲಿ ಮಣ್ಣು ಹೊತ್ತ, ಸಿಯೆರಾ ನೆವಾಡ ಬೆಟ್ಟಸಾಲಿನ ಕಲ್ಲುಬಂಡೆಯಲ್ಲಿ 1,659 ಅಡಿ ಸುರಂಗ ಕೊರೆದ ಸಾವಿರಾರು ಚೀನೀಯರದ್ದು ಹೆಚ್ಚಾಗಿ ಇಲ್ಲ. ಸಂಬಳದ ಪಟ್ಟಿಯಲ್ಲಿ ಬಹುಪಾಲು ಮೇಸ್ತ್ರಿಯ ಹೆಸರು, ಮುಂದೆ ತಲೆಯ ಲೆಕ್ಕ. ಅಷ್ಟೇ.

ನಿನ್ನ 14ನೇ ಪುಟದಲ್ಲಿ ಒಬ್ಬ ಚೀನೀ ಹುಡುಗ ಚಹಾ ಕೊಟ್ಟು ಮಾಯವಾಗುತ್ತಾನೆ. ಅವನನ್ನು ಹಿಡಿದು ನಿಲ್ಲಿಸು. ಹೆಗಲ ಮೇಲೆ ಕಾವಡಿಯ ಹಾಗೆ ಒಂದು ಕೋಲು, ಎರಡು ತುದಿಗೂ ಪುಟ್ಟ ಪೀಪಾಯಿ. ಮೊದಲು ಅದರಲ್ಲಿ ಸಿಡಿಮದ್ದು ಇತ್ತು, ಖಾಲಿಯಾದ ಮೇಲೆ ಚಹಾ. ಕುದಿಸಿದ ನೀರಾದ್ದರಿಂದ ಅವನ ಜನರಿಗೆ ಭೇದಿ ಕಡಿಮೆ. ಸಿಕ್ಕ ನೀರು ಕುಡಿದ ಬೇರೆಯವರು ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದರು. ಕೋಲು ಹೆಗಲು ಬದಲಿಸುವಾಗ ಚಹಾ ತುಳುಕುತ್ತದಾ? ಕಾಲು ಸುಡುತ್ತದಾ? ಇಷ್ಟು ಬರೆದರೆ ಆ ಪುಟಕ್ಕೆ ಪಿಸ್ತೂಲಿನ ಹಂಗಿಲ್ಲ.

ಖಳನಾಯಕ ಬೇಕೇ ಬೇಕು ಅಂದರೆ ಸುಮ್ನೆ ಕರಿ ಟೋಪಿಯವನನ್ನು ಕರೆತರಬೇಡ. 1867ರ ಜೂನ್‌ನಲ್ಲಿ ಸಾವಿರಾರು ಚೀನೀ ಕೆಲಸಗಾರರು ತಿಂಗಳಿಗೆ 40 ಡಾಲರ್ ಕೂಲಿ ಕೇಳಿ ಕೆಲಸ ನಿಲ್ಲಿಸಿದರು. ಗಲಾಟೆ ಇಲ್ಲ, ಕಲ್ಲು ತೂರಲಿಲ್ಲ. ಡೇರೆಗಳಲ್ಲಿ ಕೂತರು. ಸೆಂಟ್ರಲ್ ಪೆಸಿಫಿಕ್‌ನ ದಾರಿ ಕಟ್ಟುವ ಉಸ್ತುವಾರಿ ಹೊತ್ತಿದ್ದ ಚಾರ್ಲ್ಸ್ ಕ್ರಾಕರ್ ಗುಂಡು ಹಾರಿಸಲಿಲ್ಲ. ಬೆಟ್ಟದ ಮೇಲಕ್ಕೆ ಹೋಗುತ್ತಿದ್ದ ದಿನಸಿ ನಿಲ್ಲಿಸಿದ. ಒಂದು ವಾರದಷ್ಟರಲ್ಲಿ ಅವರು ಕೂಲಿ ಜಾಸ್ತಿಯಾಗದೆಯೇ ಕೆಲಸಕ್ಕೆ ಮರಳಿದರು.

ಆ ವಾರ ನಿನ್ನ ಹುಡುಗನ ಪೀಪಾಯಿಯಲ್ಲಿ ಏನಿತ್ತು? ಅಲ್ಲಿಂದ ಶುರು ಮಾಡಿ ಇನ್ನೊಂದು ಸಲ ಬರೆ. ಅವನಿಗೊಂದು ಹೆಸರಿಡು. ದಸರೆಯ ಒಳಗೆ ಕಳಿಸಿದರೆ ಒಳ್ಳೆಯದು, ಆಮೇಲೆ ನನಗೆ ಕಣ್ಣಿನ ಆಪರೇಷನ್ ಇದೆ.

ಇಂತಿ,
ನಿನ್ನ ಅಣ್ಣ